ವರ್ಷಾಂತ್ಯದ ಆರಾಧನೆ: ಮುಂಬೈಯ ಒಂದು ಕನ್ನಡ ಸಭೆ ಕಲಿಸಿದ ಪಾಠಗಳು

ಡಿಸೆಂಬರ್ 31ರ ರಾತ್ರಿ ದೇವರ ಮುಂದೆ ಕೂತು ವರ್ಷ ಕಳೆಯುವುದು ಪ್ರೊಟೆಸ್ಟೆಂಟ್ ಕ್ರೈಸ್ತರಲ್ಲಿ ಹಳೆಯ ರೂಢಿ. ನಮ್ಮ ಹುಡುಗರು ಅದನ್ನು ವಾಚ್‌ನೈಟ್ ಎನ್ನುತ್ತಾರೆ, ಹಿರಿಯರು ವರ್ಷಾಂತ್ಯದ ಆರಾಧನೆ ಎನ್ನುತ್ತಾರೆ. ಸಾಂತಾಕ್ರೂಜ್ ಪೂರ್ವದ ನಮ್ಮ ಸಣ್ಣ ಕನ್ನಡ ಸಭೆಯಲ್ಲಿ ಅದರ ಏರ್ಪಾಡು ಬಹಳ ವರ್ಷ ನನ್ನ ಪಾಲಿಗಿತ್ತು. ನಾನು ಬೋಧಕನಲ್ಲ. ಪಾಸ್ಟರರಿಗೆ ವರ್ಗವಾಗುತ್ತಿತ್ತು, ಹೊಸಬರು ಬರುತ್ತಿದ್ದರು. ಕುರ್ಚಿ ಹಾಕಿಸುವ, ಹೆಸರಿನ ಪಟ್ಟಿ ಬರೆಯುವ, ಚಹಾಕ್ಕೆ ಹೇಳುವ ಕೆಲಸದಲ್ಲಿ ನಾನು ಉಳಿದೆ. ಈಗ ಅದು ಮುಂದಿನವರ ಕೈಗೆ ಹೋಗಿದೆ. ಕಲಿತದ್ದನ್ನು ಬರೆದುಕೊಡಿ ಎಂದು ಅವರು ಕೇಳಿದರು. ಬೇರೆ ಊರುಗಳ ಸಣ್ಣ ಸಭೆಗಳಿಗೂ ಇದರಲ್ಲಿ ಏನಾದರೂ ಸಿಗಬಹುದು ಎಂದು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಸಭೆಯಲ್ಲಿ ಬೀದರ, ಕಲಬುರಗಿ ಕಡೆಯ ಮೆಥಡಿಸ್ಟ್ ಮನೆತನಗಳಿವೆ. ಮಂಗಳೂರು, ಉಡುಪಿ, ಧಾರವಾಡದಿಂದ ಬಂದ ಬಾಸೆಲ್ ಮಿಶನ್ ಮನೆತನಗಳಿವೆ. ಒಬ್ಬೊಬ್ಬರ ಮನೆಯ ರೂಢಿ ಒಂದೊಂದು. ಅವುಗಳನ್ನೆಲ್ಲ ಒಂದು ರಾತ್ರಿಗೆ ಹೊಂದಿಸುವುದರಲ್ಲಿ ನಾನು ಎಡವಿದ್ದೇ ಹೆಚ್ಚು.

1. ಮೊದಲು ರೈಲಿನ ವೇಳೆ ನೋಡಿ, ಆಮೇಲೆ ಆರಾಧನೆಯ ವೇಳೆ ಇಡಿ.

ಕೆಲಸ ಕೈಗೆ ಬಂದ ಹೊಸದರಲ್ಲಿ ನಾನು ಆರಾಧನೆಯನ್ನು ರಾತ್ರಿ ಹತ್ತೂವರೆಗೆ ಇಟ್ಟೆ. ಹನ್ನೆರಡು ದಾಟಿದ ಮೇಲೆ ಕರ್ತನ ಭೋಜನ, ಆಮೇಲೆ ಕೇಕು, ಚಹಾ, ಶುಭಾಶಯ. ಎಲ್ಲ ಮುಗಿಯುವಾಗ ಒಂದು ಗಂಟೆ. ನಮ್ಮ ಜನ ಸಾಂತಾಕ್ರೂಜಿನಲ್ಲೇ ಇರುವವರಲ್ಲ. ಬಾಡಿಗೆ ಏರಿದಂತೆಲ್ಲ ನಾಲಾಸೋಪಾರಾ, ವಿರಾರ್, ಕಲ್ಯಾಣ, ಅಂಬರ್‌ನಾಥ್ ಎಂದು ದೂರ ದೂರ ಸರಿದವರು. ಮಾಮೂಲಿ ದಿನಗಳಲ್ಲಿ ಲೋಕಲ್ ರಾತ್ರಿ ಒಂದರ ಹೊತ್ತಿಗೆ ನಿಂತು ಬೆಳಗಿನ ನಾಲ್ಕರ ಹೊತ್ತಿಗೆ ಮತ್ತೆ ಶುರುವಾಗುತ್ತದೆ. 31ರ ರಾತ್ರಿ ಪಶ್ಚಿಮ ರೈಲ್ವೆ, ಮಧ್ಯ ರೈಲ್ವೆ ಎರಡೂ ವಿಶೇಷ ಗಾಡಿ ಬಿಡುತ್ತವೆ, ನಿಜ. ಆದರೆ ಆ ಗಾಡಿಗಳಲ್ಲಿ ಗೇಟ್‌ವೇ, ಮರೀನ್ ಡ್ರೈವ್, ಜುಹೂ ಕಡೆಯಿಂದ ಕುಡಿದು ಕುಣಿದು ಬರುವ ಜನವೇ ತುಂಬಿರುತ್ತದೆ. ದಾದರಿನಲ್ಲಿ ಸೇತುವೆ ದಾಟಿ ಕಲ್ಯಾಣದ ಗಾಡಿ ಹಿಡಿಯಬೇಕಿದ್ದ ಒಂದು ಕುಟುಂಬ, ಮುದಿ ತಾಯಿ ಮತ್ತು ಬೆಳೆದ ಇಬ್ಬರು ಹೆಣ್ಣುಮಕ್ಕಳೊಂದಿಗೆ, ಆ ಗದ್ದಲದಲ್ಲಿ ಸಿಕ್ಕಿಬಿದ್ದಿತು. ಮರುವರ್ಷ ಅವರು ಬರಲಿಲ್ಲ. ಅವರ ಭಕ್ತಿ ತಣ್ಣಗಾಗಿದೆ ಎಂದು ನಾನು ಕಮಿಟಿಯಲ್ಲಿ ಹೇಳಿಯೂಬಿಟ್ಟೆ. ಆ ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಹುಡುಗಿಯರಿಗೆ ಏನಾಯಿತು ಎಂಬುದು ಅವರ ತಾಯಿಯ ಬಾಯಿಂದ ತಿಳಿದದ್ದು ಎಷ್ಟೋ ಕಾಲದ ಮೇಲೆ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ.

ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿಯ ದಿನಚರಿ ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೆಥಡಿಸ್ಟರಲ್ಲಿ ಈ ಜಾಗರಣೆ 1740ರ ದಶಕದಲ್ಲಿ ಬೇರೂರಿತು. ಅದಕ್ಕೆ ಮುಂಚೆ ಸ್ಯಾಕ್ಸನಿಯ ಹೆರ್ನ್‌ಹೂಟಿನ ಮೊರಾವಿಯನ್ ಪಂಗಡದ ಕ್ರೈಸ್ತರು 1733ರಲ್ಲೇ ವರ್ಷದ ಕೊನೆಯ ರಾತ್ರಿ ಹೀಗೆ ಕೂಡಿದ್ದರು. ವೆಸ್ಲಿಯ ಕಾಲದಲ್ಲಿ ಇದು ಡಿಸೆಂಬರಿಗೆ ಅಂಟಿಕೊಂಡಿರಲಿಲ್ಲ, ತಿಂಗಳಿಗೊಮ್ಮೆ ನಡೆಯುತ್ತಿತ್ತು. ದಿನ ಆರಿಸುವುದಕ್ಕೆ ಅವರು ನೋಡುತ್ತಿದ್ದದ್ದು ಹುಣ್ಣಿಮೆಯನ್ನು. ಹುಣ್ಣಿಮೆಗೆ ಹತ್ತಿರದ ಶುಕ್ರವಾರ ಆರಾಧನೆ. ಕಾರಣವನ್ನೂ ವೆಸ್ಲಿ ಬರೆದಿಟ್ಟಿದ್ದಾರೆ: ದೂರದಿಂದ ಬಂದವರಿಗೆ ಮನೆಗೆ ಮರಳುವಾಗ ಬೆಳಕು ಇರಲಿ ಎಂದು. ಜನ ಮನೆ ಮುಟ್ಟುವ ಬಗೆಯನ್ನು ಯೋಚಿಸುವುದೂ ಆರಾಧನೆಯ ಸಿದ್ಧತೆಯೇ ಎಂದು ಆ ಸಾಲು ಓದಿದಾಗ ನನಗೆ ಗಟ್ಟಿಯಾಯಿತು.

ಇನ್ನೆರಡು ಅಡಚಣೆಗಳೂ ಇವೆ. ನಮ್ಮದು ಹಂಚಿಕೊಂಡ ಕಟ್ಟಡ. ಮರಾಠಿ, ಹಿಂದಿ ಸಭೆಗಳಿಗೂ ಅದೇ ರಾತ್ರಿ ಅದೇ ಜಾಗ ಬೇಕು. ಜೊತೆಗೆ 2000ರ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನಗಳ ಮಿತಿಯಲ್ಲಿ ರಾಜ್ಯ ಸರಕಾರ ಅದನ್ನು ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ಈಗ ನಮ್ಮ ಮುಖ್ಯ ಆರಾಧನೆ ಸಂಜೆ ಏಳಕ್ಕೆ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತದೆ. ಹತ್ತಿರದಲ್ಲಿ ಮನೆ ಇರುವವರು, ಮನಸ್ಸಿರುವವರು ಹಿಂದಿನ ಕೋಣೆಯಲ್ಲಿ ಹನ್ನೆರಡರವರೆಗೆ ಪ್ರಾರ್ಥನೆಗೆ ಉಳಿಯುತ್ತಾರೆ. ಸಂಜೆಯ ಆರಾಧನೆಗೆ ಬಂದವರನ್ನು ಅರೆಮನಸ್ಸಿನವರು ಎಂದು ಯಾರೂ ಎಣಿಸಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ.

2. ಹನ್ನೆರಡು ಹೊಡೆಯುವಾಗ ಮೈಕು ಬಂದ್ ಇರಲಿ.

ಮುಂಬೈಯಲ್ಲಿ ವರ್ಷ ಬದಲಾಗುವುದು ಕಿವಿಗೆ ಗೊತ್ತಾಗುತ್ತದೆ. ಬಂದರಿನಲ್ಲಿ ನಿಂತ ಹಡಗುಗಳು ಒಟ್ಟಿಗೆ ಕೂಗು ಹಾಕುತ್ತವೆ. ಸಿಎಸ್‌ಎಂಟಿಯಲ್ಲಿ ಲೋಕಲ್ ಚಾಲಕರು ಹಾರ್ನ್ ಒತ್ತಿ ಹಿಡಿಯುತ್ತಾರೆ. ಗಲ್ಲಿ ಗಲ್ಲಿಯಲ್ಲಿ ಪಟಾಕಿ. ಇದರ ಮೇಲೆ ನಮ್ಮ ಹಾಡೂ ಕೇಳಲಿ ಎಂದು ನಾನು ಒಂದಷ್ಟು ವರ್ಷ ಕೀಬೋರ್ಡು, ಡ್ರಮ್ಮು ತರಿಸಿದೆ. ಯಾರ ಹಾಡು ಯಾರಿಗೂ ಕೇಳಲಿಲ್ಲ. ಒಬ್ಬ ಹಿರಿಯರು, ಮಂಗಳೂರಿನ ಬಲ್ಮಠದ ಕಡೆಯವರು, ತಮ್ಮ ಊರಿನ ರೂಢಿ ಹೇಳಿದರು: ಹನ್ನೆರಡಕ್ಕೆ ಕೆಲವು ನಿಮಿಷ ಇರುವಾಗ ಎಲ್ಲರೂ ಮೊಣಕಾಲೂರುವುದು, ಗಂಟೆ ಹೊಡೆದು ಮುಗಿಯುವ ತನಕ ಯಾರೂ ಮಾತಾಡದಿರುವುದು. ನಾವು ಹಾಗೆ ಮಾಡಿ ನೋಡಿದೆವು. ಹೊರಗಿನ ಸದ್ದು ಕಾಟವೆನಿಸಲಿಲ್ಲ. ಇಡೀ ಊರು ಒಳಗೆ ಬಂದು ನಮ್ಮ ಜೊತೆ ಮೊಣಕಾಲೂರಿದಂತಿತ್ತು. ಆಗ ಪಾಸ್ಟರರು ಮೆಲ್ಲಗೆ ಊರಿಗಾಗಿ ಪ್ರಾರ್ಥಿಸಿದರು. ಕುಣಿಯುವವರಿಗಾಗಿಯೂ ಪ್ರಾರ್ಥಿಸಿದರು. ನಾನು ಅಲ್ಲಿಯವರೆಗೆ ಅವರ ವಿರುದ್ಧ ಪ್ರಾರ್ಥಿಸಿದ್ದವನು.

3. ಆ ರಾತ್ರಿ ದುಡಿಯುವವರಿಗೆ ಮೊದಲ ಹಕ್ಕು.

ಇದು ನಾನು ಕಲಿತದ್ದರಲ್ಲೆಲ್ಲ ದೊಡ್ಡದು. ಬೇರೆಲ್ಲ ಮರೆತರೂ ಇದೊಂದನ್ನು ಹುಡುಗರು ಮರೆಯಬಾರದು.

ಮುಂಬೈಗೆ ಬಂದ ಕನ್ನಡಿಗರಲ್ಲಿ ಹೋಟೆಲಿನಲ್ಲಿ ದುಡಿದವರು ಎಷ್ಟೋ ಮಂದಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತು ಮೇಲೆ ಬಂದ ತಲೆಮಾರೇ ಈ ಊರಿನಲ್ಲಿತ್ತು. ಕ್ರೈಸ್ತರಲ್ಲಿ ಇದರ ಜೊತೆಗೆ ನರ್ಸುಗಳು, ವಾರ್ಡ್‌ಬಾಯ್‌ಗಳು, ವಾಚ್‌ಮನ್‌ಗಳು, ರೈಲ್ವೆಯವರು. ಇವರಿಗೆಲ್ಲ ಡಿಸೆಂಬರ್ 31 ರಜೆಯ ರಾತ್ರಿಯಲ್ಲ, ಅತಿ ಹೆಚ್ಚು ಕೆಲಸದ ರಾತ್ರಿ. ಹೋಟೆಲುಗಳಲ್ಲಿ ಆ ದಿನ ರಜೆ ಕೇಳುವಂತೆಯೇ ಇಲ್ಲ. ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ಹನ್ನೆರಡರ ಮೇಲೆ ಕುಡಿದು ಗಾಡಿ ಓಡಿಸಿದವರು ಬರತೊಡಗುತ್ತಾರೆ. ಮರುದಿನವೂ ಬಿಡುವಿಲ್ಲ, ಮಹಾರಾಷ್ಟ್ರ ಸರಕಾರದ ರಜೆಪಟ್ಟಿಯಲ್ಲಿ ಜನವರಿ 1 ಇಲ್ಲ.

ನಾನು ಆಗ ಹಾಜರಿಯ ಪುಸ್ತಕ ಇಡುತ್ತಿದ್ದೆ. ವರ್ಷಾಂತ್ಯಕ್ಕೆ ಬಾರದವರ ಹೆಸರಿನ ಮುಂದೆ ಗೀಟು ಎಳೆಯುತ್ತಿದ್ದೆ. ಒಂದು ವರ್ಷ ಜನವರಿ 1ರ ಬೆಳಿಗ್ಗೆ ಕುರ್ಚಿ ಎಣಿಸಿಡಲು ಹೋದಾಗ ಗೇಟಿನ ಹೊರಗೆ, ಮೆಟ್ಟಿಲ ಮೇಲೆ, ಔರಾದ ತಾಲೂಕಿನ ಒಬ್ಬ ಹುಡುಗ ಕೂತಿದ್ದ. ಕರಿ ಪ್ಯಾಂಟು, ಬಿಳಿ ಅಂಗಿ, ಕತ್ತಿನ ಬೋ ಬಿಚ್ಚಿ ಕಿಸೆಯಲ್ಲಿ ತುರುಕಿದ್ದ. ತೋಳಿನ ಮೇಲೆ ಕೇಕಿನ ಕ್ರೀಮು ಒಣಗಿತ್ತು. ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ದ, ಕಾಲು ಬಾತಿತ್ತು. ಬ್ಯಾಂಕ್ವೆಟ್ ಹಾಲಿನಲ್ಲಿ ಬಡಿಸುವ ಕೆಲಸ ಅವನದು. ಮೊದಲ ಲೋಕಲ್ ಹಿಡಿದು ಬಂದಿದ್ದ.

"ಬಾಗಲಾ ತೆರದಿರತದ ಅನ್ಕೊಂಡೆ ಅಂಕಲ್. ಒಂದ್ ಪ್ರಾರ್ಥನಿ ಮಾಡಿ ಹೋಗ್ತಿದ್ದೆ," ಅಂದ.

ಬಾಗಿಲು ತೆರೆದೆ. ಅವನು ಕೊನೆಯ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತವನು ಹಾಗೆಯೇ ನಿದ್ದೆ ಹೋದ. ಎಬ್ಬಿಸಲು ಮನಸ್ಸಾಗಲಿಲ್ಲ. ಲೂಕನ ಸುವಾರ್ತೆಯಲ್ಲಿ ಯೇಸು ಹುಟ್ಟಿದ ಸುದ್ದಿಯನ್ನು ದೂತ ಮೊದಲು ಹೋಗಿ ಹೇಳಿದ್ದು ರಾತ್ರಿ ಪಾಳಿಯಲ್ಲಿ ಕುರಿ ಕಾಯುತ್ತಿದ್ದವರಿಗೆ. ಆ ಭಾಗವನ್ನು ಒಂದು ವಾರದ ಹಿಂದೆಯಷ್ಟೇ ಕ್ರಿಸ್‌ಮಸ್ಸಿಗೆ ನಾನೇ ನಿಂತು ಓದಿದ್ದೆ. ಹಾಜರಿಯ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆಯೂ ನನ್ನ ಗೀಟು ಇತ್ತು.

ಆಮೇಲೆ ಮೂರು ಬದಲಾವಣೆ ಮಾಡಿದೆವು. ಹಾಜರಿಯ ಪುಸ್ತಕ ಹೋಯಿತು. ಡಿಸೆಂಬರ್ ಮೊದಲ ಭಾನುವಾರ ಯಾರು ಯಾರಿಗೆ 31ರ ರಾತ್ರಿ ಡ್ಯೂಟಿ ಎಂದು ಕೇಳಿ ಬರೆದುಕೊಂಡು, ಆ ರಾತ್ರಿಯ ಪ್ರಾರ್ಥನೆಯಲ್ಲಿ ಅವರನ್ನು ಹೆಸರು ಹಿಡಿದು ನೆನೆಯುತ್ತೇವೆ. ಮತ್ತು ಜನವರಿ 1ರ ಬೆಳಿಗ್ಗೆ ಆರಕ್ಕೆ, ಪಾಳಿ ಮುಗಿಸಿ ಬರುವವರಿಗೆಂದೇ ಅರ್ಧ ಗಂಟೆಯ ಆರಾಧನೆ: ಒಂದು ಹಾಡು, ಒಂದು ಕೀರ್ತನೆ, ಕರ್ತನ ಭೋಜನ. ಪ್ರಸಂಗ ಇಲ್ಲ. ಹೊರಗೆ ಉಪ್ಪಿಟ್ಟು, ಚಹಾ. ಬರುವವರು ಕೆಲವೇ ಮಂದಿ. ಆದರೆ ಪಾಸ್ಟರರೊಬ್ಬರು ನನಗೆ ಹೇಳಿದ್ದುಂಟು, ಇಡೀ ವರ್ಷದಲ್ಲಿ ತಮಗೆ ರೊಟ್ಟಿ ಮುರಿಯುವಾಗ ಕೈ ನಡುಗುವುದು ಆ ಬೆಳಿಗ್ಗೆ ಮಾತ್ರ ಎಂದು.

4. ವಾಗ್ದಾನದ ಚೀಟಿಯನ್ನು ಒಬ್ಬೊಬ್ಬರ ಭವಿಷ್ಯ ಮಾಡಬೇಡಿ.

ಭಾರತದ ಬಹಳ ಸಭೆಗಳಲ್ಲಿ ಹೊಸ ವರ್ಷಕ್ಕೆ ವಾಗ್ದಾನದ ವಚನ ಎತ್ತುವ ಪದ್ಧತಿ ಇದೆ. ಬುಟ್ಟಿಯಲ್ಲಿ ಕಾರ್ಡುಗಳು, ಒಂದೊಂದರ ಮೇಲೆ ಒಂದು ವಚನ. ಕಣ್ಣು ಮುಚ್ಚಿ ಎತ್ತಿದ್ದು ಆ ವರ್ಷಕ್ಕೆ ನಿನ್ನ ಪಾಲಿನ ಮಾತು. ಜನಕ್ಕೆ ಇದು ಬಹಳ ಇಷ್ಟ. ಕಾರ್ಡನ್ನು ಬೈಬಲಿನಲ್ಲಿ, ಪರ್ಸಿನಲ್ಲಿ, ಗೋಡೆಯ ಕ್ಯಾಲೆಂಡರಿನ ಸಂದಿಯಲ್ಲಿ ವರ್ಷವಿಡೀ ಇಟ್ಟುಕೊಳ್ಳುತ್ತಾರೆ. ನಾನು ಕಾರ್ಡು ಅಚ್ಚು ಹಾಕಿಸುವಾಗ ಒಳ್ಳೆಯ ಒಳ್ಳೆಯ ಮಾತುಗಳನ್ನೇ ಹುಡುಕಿ ಹಾಕಿಸುತ್ತಿದ್ದೆ: ಆರೋಗ್ಯ, ಆಯುಸ್ಸು, ಸಮೃದ್ಧಿ. ಕಷ್ಟದ ಮಾತು, ಎಚ್ಚರಿಕೆಯ ಮಾತು ಒಂದೂ ಬೇಡ ಎಂದು ಬೇಕೆಂದೇ ಬಿಡುತ್ತಿದ್ದೆ.

ಒಂದು ವರ್ಷ ಗಂಡ ಕ್ಯಾನ್ಸರಿನಿಂದ ಮಲಗಿದ್ದ ಹೆಣ್ಣುಮಗಳೊಬ್ಬಳಿಗೆ ವಾಸಿಮಾಡುವೆನೆಂಬ ವಚನ ಬಂತು. ಇಡೀ ಸಭೆ ಸ್ತೋತ್ರ ಎಂದಿತು. ನಾನೂ ಎಂದೆ. ಗುಡ್ ಫ್ರೈಡೇ ಬರುವ ಮುಂಚೆ ಅವನು ತೀರಿಹೋದ. ಮಣ್ಣು ಮಾಡಿದ ಮೇಲಿನ ಪ್ರಾರ್ಥನೆಗೆ ಅವಳ ಖೋಲಿಗೆ ಹೋದಾಗ ಅವಳು ಆ ಕಾರ್ಡನ್ನು ನನ್ನ ಕೈಯಲ್ಲಿಟ್ಟಳು. ಬೈಯಲಿಲ್ಲ. "ಇದು ಬ್ಯಾರೇದವರದಿತ್ತೇನೋ ಅಣ್ಣಾರ, ನಾ ತಪ್ಪಿ ಎತ್ತಿದೆ," ಅಂದಳು. ತನ್ನ ಕೈಯ ತಪ್ಪಿನಿಂದ ಗಂಡ ಹೋದ ಎಂಬಂತೆ ಅವಳು ಮಾತಾಡುತ್ತಿದ್ದಳು. ಅವಳಿಗೆ ಆ ಭಾರ ಹೊರಿಸಿದ್ದು ನಾನು, ನನ್ನ ಬುಟ್ಟಿ. ಇಂದಿಗೂ ಆ ಮಾತು ನೆನಪಾದರೆ ನನಗೆ ನಿದ್ದೆ ಬರುವುದಿಲ್ಲ.

ಬೇರೆ ಎಲ್ಲಿ ಹೇಗೆ ಮಾಡುತ್ತಾರೆ ಎಂದು ಆಮೇಲೆ ಓದತೊಡಗಿದೆ. ಹೆರ್ನ್‌ಹೂಟಿನಲ್ಲಿ 1728ರ ಮೇ 3ರಂದು ಮೊರಾವಿಯನ್ನರ ನಾಯಕ ಕೌಂಟ್ ಜಿನ್ಜೆನ್‌ಡಾರ್ಫ್ ಸಂಜೆಯ ಕೂಟದಲ್ಲಿ ಮರುದಿನಕ್ಕೆಂದು ಒಂದು ವಾಕ್ಯ ಕೊಟ್ಟರು. ಆಮೇಲೆ ಪ್ರತಿದಿನ ಆ ದಿನದ ವಾಕ್ಯವನ್ನು ಮನೆಮನೆಗೆ ಹೋಗಿ ಹೇಳಿ ಬರುವ ಪದ್ಧತಿ ಬೆಳೆಯಿತು. 1731ಕ್ಕೆ ಅದು ಪುಸ್ತಕವಾಗಿ ಅಚ್ಚಾಯಿತು, ಇಂದು 50ಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತದೆ. ಅಲ್ಲಿಯೂ ಹಳೆಯ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಎತ್ತಿದ ವಾಕ್ಯ ಎಲ್ಲರದು. ಒಂದೇ ದಿನ, ಒಂದೇ ಮಾತು, ಕಾಯಿಲೆಯವನಿಗೂ ಮದುವೆಮನೆಯವನಿಗೂ. ಒಬ್ಬಳು ಒಂಟಿಯಾಗಿ ಹೊರಬೇಕಾದ ಮಾತು ಅಲ್ಲಿ ಇಲ್ಲ. ಇಡೀ ವರ್ಷಕ್ಕೆ ಒಂದೇ ವಾಕ್ಯ ಇಡುವ ರೂಢಿ ಜರ್ಮನಿಯಲ್ಲಿ 1930ರಿಂದ ನಡೆದಿದೆ.

ಬುಟ್ಟಿಯನ್ನು ತೆಗೆದೆವು. ತೆಗೆಯುವಾಗ ಗಲಾಟೆಯಾಯಿತು; ಕೆಲವರು ಪಕ್ಕದ ಸಭೆಗೆ ಹೋಗಿ ಕಾರ್ಡು ಎತ್ತಿ ಬಂದರು. ಈಗ ಇಡೀ ಸಭೆಗೆ ಒಂದು ವಾಕ್ಯ. ಅದನ್ನು ಹಿರಿಯರು, ಯುವಕರು, ಸ್ತ್ರೀಯರ ಕೂಟದವರು ಕೂತು ಆರಿಸುತ್ತಾರೆ, ಆ ವಾಕ್ಯದ ಇಡೀ ಅಧ್ಯಾಯವನ್ನು ವರ್ಷದ ಮೊದಲ ಭಾನುವಾರ ಓದುತ್ತಾರೆ. ವಾಕ್ಯದ ಹಿಂದೆ ಮುಂದೆ ಏನಿದೆ ಎಂದು ತಿಳಿದರೆ ಅದನ್ನು ತಾಯಿತದಂತೆ ಕಟ್ಟಿಕೊಳ್ಳುವುದು ಕಡಿಮೆಯಾಗುತ್ತದೆ.

5. ತೀರಿಹೋದವರ ಹೆಸರುಗಳನ್ನು ಒಂದೂ ಬಿಡದೆ ಓದಿ.

ಆ ವರ್ಷ ಸಭೆಯಲ್ಲಿ ತೀರಿಕೊಂಡವರ ಹೆಸರುಗಳನ್ನು ಓದುವುದು ನಮ್ಮಲ್ಲಿ ಮೊದಲಿಂದ ಇದೆ. ನಾನು ಪಟ್ಟಿಯನ್ನು ಸಭೆಯ ದಾಖಲೆಯಿಂದ ಇಳಿಸಿಕೊಳ್ಳುತ್ತಿದ್ದೆ. ಒಮ್ಮೆ ಓದಿ ಮುಗಿಸಿ ಕೆಳಗಿಳಿದಾಗ ಒಬ್ಬ ತಾಯಿ ಬಂದು, "ನಮ್ ಕೂಸಿಂದ್ಯಾಕ ಓದ್ಲಿಲ್ರಿ?" ಎಂದು ಕೇಳಿದಳು. ಮಗು ಹುಟ್ಟಿ ಕೆಲವೇ ದಿನಕ್ಕೆ ಆಸ್ಪತ್ರೆಯಲ್ಲೇ ಹೋಗಿತ್ತು. ದೀಕ್ಷಾಸ್ನಾನ ಆಗಿರಲಿಲ್ಲ, ಹಾಗಾಗಿ ದಾಖಲೆಯಲ್ಲಿ ಹೆಸರಿಲ್ಲ. ನಾನು ದಾಖಲೆಯ ಮಾತು ಹೇಳಿದೆ. ಆಗ ಅವಳು ನೋಡಿದ ನೋಟಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಂಬೈಯಲ್ಲಿ ಇದು ಇನ್ನಷ್ಟು ಮುಖ್ಯ. ಇಲ್ಲಿ ಸತ್ತವರಿಗೂ ಜಾಗ ಸಾಲದು. ಶಿವಡಿಯಂಥ ಹಳೆಯ ಕ್ರೈಸ್ತ ಸ್ಮಶಾನಗಳಲ್ಲಿ ಸ್ವಂತ ಸಮಾಧಿ ಇಲ್ಲದವರ ಗುಂಡಿಯನ್ನು ಕೆಲವು ವರ್ಷದ ಮೇಲೆ ಮತ್ತೊಬ್ಬರಿಗೆ ತೆರೆಯುತ್ತಾರೆ. ಊರಿನಲ್ಲಾದರೆ ಹೊಲದ ಬದಿಯಲ್ಲಿ ಕಲ್ಲು ಉಳಿಯುತ್ತದೆ, ಇಲ್ಲಿ ಬಡವರ ಪಾಲಿಗೆ ಕಲ್ಲೂ ಇಲ್ಲ. ವರ್ಷಕ್ಕೊಮ್ಮೆ ಸಭೆಯ ಮುಂದೆ ಹೆಸರು ಕೇಳಿಸುವುದೇ ಅವರಿಗೆ ಉಳಿದದ್ದು.

ಸಭೆಯ ಹಳೆಯ ಪಂಚಾಂಗದಲ್ಲಿ ಜನವರಿ 1 ಬರೀ ಹೊಸ ವರ್ಷದ ದಿನವಲ್ಲ. ಕ್ರಿಸ್‌ಮಸ್ಸಿನಿಂದ ಎಣಿಸಿದರೆ ಎಂಟನೆಯ ದಿನ. ಲೂಕ 2:21ರ ಪ್ರಕಾರ ಮಗುವಿಗೆ ಯೇಸು ಎಂದು ಹೆಸರಿಟ್ಟ ದಿನ. ಮರುವರ್ಷ ಪಾಸ್ಟರರು ಆ ವಚನವನ್ನು ಓದಿ, ಪಟ್ಟಿಯನ್ನು ಆ ಕೂಸಿನ ಹೆಸರಿನಿಂದ ಶುರುಮಾಡಿದರು. ಈಗ ನಾವು ಪಟ್ಟಿಗೆ ದಾಖಲೆ ನೋಡುವುದಿಲ್ಲ, ಮನೆಮನೆಗೆ ಹೋಗಿ ಕೇಳುತ್ತೇವೆ. ಹೊಟ್ಟೆಯಲ್ಲೇ ಹೋದ ಮಕ್ಕಳಿಗೆ, ಊರಿನಲ್ಲಿ ತೀರಿದ ತಂದೆತಾಯಿಗೆ, ಕ್ರೈಸ್ತರಲ್ಲದ ನೆರೆಯವರಿಗೆ ಕೂಡ ಆ ಪಟ್ಟಿಯಲ್ಲಿ ಜಾಗವಿದೆ. ಓದುವವರು ಹಿಂದಿನ ದಿನ ಹೆಸರುಗಳನ್ನು ಬಾಯಿಬಿಟ್ಟು ಓದಿ ರೂಢಿ ಮಾಡಿಕೊಳ್ಳಬೇಕು. ತಪ್ಪಾಗಿ ಓದಿದ ಹೆಸರು ಮನೆಯವರನ್ನು ಇರಿಯುತ್ತದೆ.

6. ಸಾಕ್ಷಿ ಹೇಳುವ ಹೊತ್ತು ಗೆದ್ದವರಿಗಷ್ಟೇ ಅಲ್ಲ.

ವರ್ಷಾಂತ್ಯದಲ್ಲಿ ಎದ್ದುನಿಂತು ದೇವರು ಮಾಡಿದ ಉಪಕಾರ ಹೇಳುವುದು ಒಳ್ಳೆಯ ಪದ್ಧತಿ. ಆದರೆ ನಮ್ಮಲ್ಲಿ ಅದು ಬರಬರುತ್ತ ಡೊಂಬಿವಲಿಯಲ್ಲಿ ಫ್ಲ್ಯಾಟು ತಗೊಂಡೆ, ಮಗನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು ಎಂಬವರ ಸರದಿಯಾಯಿತು. ಕೆಲಸ ಹೋದವನು ಎದ್ದು ಏನು ಹೇಳಬೇಕು? ಅಂಥವರು ಸುಮ್ಮನೆ ಕೂರುತ್ತಿದ್ದರು, ಕೆಲವರು ಆ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತಿದ್ದರು.

2020 ಇದನ್ನು ಬದಲಿಸಿತು. ಆ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾನಗರಪಾಲಿಕೆಗಳ ವ್ಯಾಪ್ತಿಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಕರ್ಫ್ಯೂ. ಮಧ್ಯರಾತ್ರಿಯ ಕೂಟದ ಮಾತೇ ಇಲ್ಲ. ನಾವು ಫೋನಿನ ಮೇಲೆ ಸೇರಿದೆವು. ಅರ್ಧ ಜನ ಊರಿಗೆ ಹೋದವರು ಮರಳಿರಲಿಲ್ಲ. ಆ ವರ್ಷ ಫ್ಲ್ಯಾಟಿನ ಸಾಕ್ಷಿ ಯಾರಲ್ಲೂ ಇರಲಿಲ್ಲ. ಸುಮ್ಮನಿರುವುದು ಬೇಡವೆಂದು ಪಾಸ್ಟರರು 90ನೆಯ ಕೀರ್ತನೆಯನ್ನು ಓದಿಸಿದರು. ಅದು ಮೋಶೆಯ ಪ್ರಾರ್ಥನೆ ಎಂದು ಹೆಸರಾದದ್ದು. ದಿನ ಎಣಿಸುವ ಬುದ್ಧಿ ಕೊಡು ಎಂಬ ಬೇಡಿಕೆ ಅದರ ನಡುವೆ ಇದೆ. ನಾವು ಪ್ರತಿ ವರ್ಷ ಆ ಒಂದು ವಚನವನ್ನೇ ಓದಿ ಮುಗಿಸುತ್ತಿದ್ದೆವು. ಅದರ ಸುತ್ತ ಎಷ್ಟು ಅಳಲು ಇದೆ, ಇನ್ನೆಷ್ಟು ಕಾಲ ಎಂದು ದೇವರನ್ನೇ ಕೇಳುವ ಮಾತಿದೆ ಎಂದು ಅಂದು ಪೂರ್ತಿ ಓದಿದಾಗ ತಿಳಿಯಿತು. ಓದಿದ ಮೇಲೆ ಒಬ್ಬೊಬ್ಬರೇ ಮಾತಾಡಿದರು. ಒಬ್ಬ ರಿಕ್ಷಾದವರು, ಲಾಕ್‌ಡೌನಿನಲ್ಲಿ ಮಗಳ ಕಿವಿಯೋಲೆ ಮಾರಿದ್ದನ್ನು ಹೇಳಿ ಅಷ್ಟಕ್ಕೇ ನಿಲ್ಲಿಸಿದರು. ಕೊನೆಗೆ ದೇವರು ಒಳ್ಳೆಯದು ಮಾಡಿದ ಎಂದು ಸೇರಿಸಲಿಲ್ಲ. ಅದೂ ಸಾಕ್ಷಿಯೇ. ಈಗ ನಾವು ಸಾಕ್ಷಿಯ ಹೊತ್ತಿಗೆ ಮೊದಲು ಆ ಕೀರ್ತನೆಯನ್ನು ಪೂರ್ತಿ ಓದುತ್ತೇವೆ.

7. ಸಂಕಲ್ಪ ಬರೆಸುವುದಕ್ಕಿಂತ ಸಾಲ ತೀರಿಸುವುದು ಮೇಲು.

ಬಾಂದ್ರಾದಂಥ ಕ್ಯಾಥೊಲಿಕ್ ವಸ್ತಿಗಳಲ್ಲಿ 31ರ ರಾತ್ರಿ ಹುಡುಗರು ಹಳೆಯ ಬಟ್ಟೆ, ಹುಲ್ಲು ತುಂಬಿ 'ಓಲ್ಡ್ ಮ್ಯಾನ್' ಎಂಬ ಮುದುಕನ ಗೊಂಬೆ ಮಾಡಿ ಹನ್ನೆರಡಕ್ಕೆ ಸುಡುತ್ತಾರೆ. ನಮ್ಮ ಯುವಕರಿಗೂ ಅಂಥದೊಂದು ಬೇಕೆನಿಸಿ, ಚೀಟಿಯಲ್ಲಿ ಹಳೆಯ ಪಾಪ ಬರೆದು ಸುಡುವುದು, ಇನ್ನೊಂದರಲ್ಲಿ ಹೊಸ ಸಂಕಲ್ಪ ಬರೆದು ಮನೆಗೆ ಒಯ್ಯುವುದು ಎಂದು ನಾನೇ ಏರ್ಪಾಡು ಮಾಡಿದೆ. ಸುಡುವುದು ಸುಲಭ. ಊರಿನ ಮನೆಯ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರು ಒಂದೇ ಬಕೆಟ್ಟಿನಲ್ಲಿ ತಮ್ಮ ತಮ್ಮ ಚೀಟಿ ಸುಟ್ಟು, ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋದರು.

ಕಾಣಿಕೆ ತರುವ ಮುಂಚೆ ಸಹೋದರನೊಡನೆ ಸರಿಮಾಡಿಕೊಳ್ಳಬೇಕೆಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದನ್ನು ನಾವು ಡಿಸೆಂಬರಿನ ಕೆಲಸವಾಗಿ ಇಟ್ಟುಕೊಂಡೆವು. 31ರ ಒಳಗೆ ಕೈಸಾಲ ವಾಪಸು ಕೊಡುವುದು, ಫೋನು ಎತ್ತದವರಿಗೆ ಫೋನು ಮಾಡುವುದು, ಚಿಟ್‌ಫಂಡಿನ ಲೆಕ್ಕ ಚುಕ್ತಾ ಮಾಡುವುದು. ಎಲ್ಲರೂ ಮಾಡುವುದಿಲ್ಲ. ಆ ಅಣ್ಣತಮ್ಮಂದಿರು ಇನ್ನೂ ಒಂದಾಗಿಲ್ಲ.

ಮೆಥಡಿಸ್ಟರಲ್ಲಿ ಹೊಸ ವರ್ಷಕ್ಕೆ ಒಡಂಬಡಿಕೆಯ ಆರಾಧನೆ ಎಂಬುದಿದೆ. ವೆಸ್ಲಿ ಅದನ್ನು ಮೊದಲು ನಡೆಸಿದ್ದು 1755ರ ಆಗಸ್ಟ್ 11ರಂದು, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ. ಸುಮಾರು 1800 ಜನ ಎದ್ದುನಿಂತರು. ಹೊಸ ವರ್ಷಕ್ಕೆ ಅದು ಅಂಟಿಕೊಂಡದ್ದು ಆಮೇಲೆ. ಅದರಲ್ಲಿ ತೂಕ ಇಳಿಸುವೆ, ಬೇಗ ಏಳುವೆ ಎಂಬ ಪಟ್ಟಿ ಇಲ್ಲ. ಕೆಲಸ ಕೊಟ್ಟರೂ ಸರಿ, ಪಕ್ಕಕ್ಕಿಟ್ಟರೂ ಸರಿ, ನಾನು ನಿನ್ನವನು ಎಂಬ ಒಪ್ಪಿಗೆ ಅದರ ತಿರುಳು. ಲೂಕ 13ರ ಅಂಜೂರದ ಮರದ ಕಥೆಯೂ ಇಲ್ಲಿ ನೆನಪಾಗುತ್ತದೆ. ಕಾಯಿ ಬಿಡದ ಮರಕ್ಕೆ ಇನ್ನೊಂದು ವರ್ಷ ಕೊಡು ಎಂದು ಬೇಡುವವನು ತೋಟದವನು. ಆ ವರ್ಷದಲ್ಲಿ ಅಗೆಯುವವನೂ ಗೊಬ್ಬರ ಹಾಕುವವನೂ ಅವನೇ. ಸಂಕಲ್ಪದ ಚೀಟಿ ಬರೆಸುವಾಗ ನಾನು ಮರದ ಕೈಗೇ ಗುದ್ದಲಿ ಕೊಟ್ಟಿದ್ದೆ.

8. ಮಕ್ಕಳಿಗೆ ಕನ್ನಡ ಓದಲು ಬರದಿದ್ದರೂ ಆ ರಾತ್ರಿ ಕನ್ನಡ ಬಿಡಬೇಡಿ.

ಮುಂಬೈಯಲ್ಲಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದು ಇಂಗ್ಲಿಷು, ಹಿಂದಿ, ಮರಾಠಿ. ಅವರಿಗಾಗಿ ಎಂದು ಒಂದು ವರ್ಷ ಇಡೀ ಆರಾಧನೆಯನ್ನು ಇಂಗ್ಲಿಷಿಗೆ ಹೊರಳಿಸಿದೆ. ಅಜ್ಜಿಯರು ಬಾಯಿ ಮುಚ್ಚಿ ಕೂತರು, ಮಕ್ಕಳಿಗೂ ಅದು ಶಾಲೆಯ ಅಸೆಂಬ್ಲಿಯಂತಾಯಿತು. ಈಗ ಹಾಡುಗಳನ್ನು ಕನ್ನಡದಲ್ಲೇ ಇಟ್ಟು ದೇವನಾಗರಿ ಲಿಪಿಯಲ್ಲೂ ಅಚ್ಚು ಹಾಕಿಸುತ್ತೇವೆ. ಹುಡುಗರು ಜೋರಾಗಿ ಹಾಡುತ್ತಾರೆ. ಕೀರ್ತನೆಯನ್ನು ಸಭೆಯ ಅತಿ ಹಿರಿಯರು ಕನ್ನಡದಲ್ಲಿ ಓದುತ್ತಾರೆ. ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ಕೂತು 1831ರ ಹೊತ್ತಿಗೆ ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದಾಗಿನಿಂದ ಕನ್ನಡ ಬೈಬಲಿನ ಮಾತುಗಳಲ್ಲೇ ನಮ್ಮ ಅಜ್ಜ ಮುತ್ತಜ್ಜಂದಿರು ವರ್ಷ ಕಳೆದಿದ್ದಾರೆ. ಮಕ್ಕಳು ಆ ದನಿಯನ್ನು ಕಿವಿಯಿಂದಲಾದರೂ ಕೇಳಿರಬೇಕು.

9. ಜನವರಿ 1ನ್ನು ದೊಡ್ಡದು ಮಾಡಬೇಡಿ.

ಸಭೆಯ ವರ್ಷ ಶುರುವಾಗುವುದು ಕ್ರಿಸ್‌ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದಲ್ಲಿ. ಜನವರಿ 1 ರೋಮನ್ನರ ದಿನ. ಆ ದಿನದ ಕುಣಿತ ಕುಡಿತ ಬಿಟ್ಟು ಬಡವರಿಗೆ ಕೊಡಿ, ಉಪವಾಸ ಮಾಡಿ ಎಂದು ಪ್ರಾಚೀನ ಸಭೆಯ ಬಿಷಪ್ ಅಗಸ್ಟೀನ್ ತನ್ನ ಜನಕ್ಕೆ ಬೋಧಿಸಿದ್ದ. 567ರಲ್ಲಿ ಫ್ರಾನ್ಸಿನ ಟೂರ್ಸಿನಲ್ಲಿ ಸೇರಿದ ಬಿಷಪ್ಪರ ಸಮ್ಮೇಳನವೂ ಆ ದಿನಗಳಿಗೆ ಪ್ರಾರ್ಥನೆ, ಉಪವಾಸವನ್ನೇ ವಿಧಿಸಿತು. ಇಂಗ್ಲೆಂಡಿನಲ್ಲಿ 1752ರವರೆಗೆ ವರ್ಷದ ಲೆಕ್ಕ ಮಾರ್ಚ್ 25ಕ್ಕೆ ಬದಲಾಗುತ್ತಿತ್ತು. ನಮ್ಮ ನೆರೆಯವರಿಗೆ ಯುಗಾದಿ, ಗುಡಿಪಾಡ್ವಾ ಇದೆ; ಅಂದು ಅವರು ಕೊಡುವ ಹೋಳಿಗೆಯನ್ನು ನಾವು ಸಂತೋಷದಿಂದ ತಿನ್ನುತ್ತೇವೆ. ದಿನ ಯಾವುದಾದರೂ ಆಗಬಹುದು. ಅಗಸ್ಟೀನನ ಮಾತಿನಂತೆ ಬಡವರಿಗೆ ಕೊಡುವುದನ್ನು ಮಾತ್ರ ನಾವು ಈಚೆಗೆ ಸೇರಿಸಿಕೊಂಡಿದ್ದೇವೆ: ವರ್ಷಾಂತ್ಯದ ಕೃತಜ್ಞತಾ ಕಾಣಿಕೆ ಸಭೆಯ ಖರ್ಚಿಗೆ ಹೋಗುವುದಿಲ್ಲ, ಸಭೆಯ ಒಳಗೂ ಹೊರಗೂ ಆಸ್ಪತ್ರೆಯ ಬಿಲ್ಲಿಗೆ ಪರದಾಡುವವರಿಗೆ ಹೋಗುತ್ತದೆ.

ಇದನ್ನು ಓದುವ ನೀವು ಯಾವುದೇ ಊರಿನ ಯಾವುದೇ ಸಭೆಯಲ್ಲಿ ಈ ಕೆಲಸ ಮಾಡುವವರಾಗಿದ್ದರೆ, ಹಾಡು ಆರಿಸುವ ಮುಂಚೆ, ಕೇಕಿಗೆ ಹೇಳುವ ಮುಂಚೆ, 31ರ ರಾತ್ರಿ ನಿಮ್ಮವರಲ್ಲಿ ಯಾರು ಯಾರಿಗೆ ಕೆಲಸವಿದೆ ಎಂದು ಕೇಳಿ ಬರೆದುಕೊಳ್ಳಿ. ಅವರು ಬರಬಹುದಾದ ಹೊತ್ತಿಗೆ ಬಾಗಿಲು ತೆರೆಯುವ ಒಬ್ಬರನ್ನು ಗೊತ್ತುಮಾಡಿ, ಬೀಗದ ಕೈಯನ್ನು ಅವರ ಕೈಗೆ ಕೊಡಿ.